ಐದನೇ ತಿಂಗಳಲ್ಲಿ ಒಂದು ಸೀಟು

ನಾಲ್ಕನೇ ತಿಂಗಳು ಮುಗಿಯುತ್ತಿದ್ದಂತೆ ವಾಂತಿ ನಿಂತಿತು. ಎದ್ದರೆ ಹಸಿವು, ಶಾಲೆ ಮುಟ್ಟುವ ಹೊತ್ತಿಗೆ ಮತ್ತೆ ಹಸಿವು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಬೆಳಗಿನ ಜಾವ ಮೀನಖಂಡ ಹಿಡಿದುಕೊಂಡು ಎಚ್ಚರವಾಗುತ್ತಿತ್ತು. ಇದೆಲ್ಲ ಆಗುತ್ತದೆಂದು ನಮ್ಮಕ್ಕ ಮೊದಲೇ ಹೇಳಿದ್ದಳು. ಹೇಳದೆ ಬಿಟ್ಟದ್ದು ಒಂದೇ: ಈ ತಿಂಗಳುಗಳಲ್ಲಿ ಸುಸ್ತು ಬಸುರಿಯದು, ಹೊಟ್ಟೆ ಮಾತ್ರ ಎರಡು ತುತ್ತು ಹೆಚ್ಚಿಗೆ ಉಂಡವಳದು. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ.

ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗು ಚೆನ್ನಾಗಿದೆ ಎಂದರು. ಆದರೆ ಮಾಸು, ಅಂದರೆ ಪ್ಲಾಸೆಂಟಾ, ತೀರ ಕೆಳಗೆ, ಗರ್ಭಕೋಶದ ಬಾಯಿಯ ಹತ್ತಿರ ಕೂತಿದೆಯಂತೆ. ಹೊಟ್ಟೆ ಬೆಳೆದ ಹಾಗೆ ಸಾಮಾನ್ಯವಾಗಿ ಮೇಲೆ ಹೋಗುತ್ತದೆ, ಅಲ್ಲಿಯವರೆಗೆ ಸ್ಕೂಟರು, ಆಟೋ ಎರಡೂ ಬೇಡ, ಬಸ್ಸಿನಲ್ಲಿ ಕೂತು ಹೋಗುವುದಾದರೆ ಹೋಗಿ, ನಿಂತು ಬೇಡ ಎಂದರು ಡಾಕ್ಟರು. ಅವರೇನೋ ಹೇಳಿಬಿಟ್ಟರು. ನಾನು ನಗರದ ಹೊರವಲಯದ ಉಲ್ಲಾಳದಿಂದ ರಾಜಾಜಿನಗರದ ಶಾಲೆಗೆ ಪಾಠ ಮಾಡಲು ಹೋಗುವವಳು. ನಮ್ಮ ಸ್ಟಾಪಿಗೆ ಬರುವಷ್ಟರಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗ ಉಳಿದಿದ್ದರೆ ಅದೇ ಭಾಗ್ಯ.

ಕೇಳಿದರೆ ಸೀಟು ಕೊಡುತ್ತಾರೆ, ನಿಜ. ಯಾವ ಪದ ಹಿಡಿದು ಕೇಳುವುದು? ಹೊಟ್ಟೆ ತಾನಾಗಿ ಕಾಣುವವರೆಗೆ ಹೊರಗಿನವರಿಗೆ ಹೇಳಬಾರದು, ಕಣ್ಣು ಬೀಳುತ್ತದೆ ಎಂದು ಅತ್ತೆಯ ಕಟ್ಟಪ್ಪಣೆ. ಮನೆಯೊಳಗೂ ಅದರ ಹೆಸರು 'ವಿಶೇಷ'. ಬಸ್ಸಿನಲ್ಲಿ ನನಗೆ ವಿಶೇಷ ಇದೆ, ಏಳಿ ಎಂದರೆ ಮನೆಯಲ್ಲಿ ಒಬ್ಬಟ್ಟು ಮಾಡಿದ್ದಾರೆ ಅಂದುಕೊಂಡಾರು. ಸ್ಟಾಫ್ ರೂಮಿನವರ ಹಾಗೆ 'ಕ್ಯಾರಿಯಿಂಗ್' ಎಂದರೆ ಕಂಡಕ್ಟರು ಲಗೇಜ್ ಟಿಕೆಟ್ ಹರಿದಾನು. ಎಂಟನೇ ತರಗತಿಯ ಐವತ್ತು ಮಕ್ಕಳನ್ನು ಒಂದೇ ಕೂಗಿಗೆ ಕೂರಿಸುವ ನನಗೆ ಬಸ್ಸು ಹತ್ತಿದರೆ ಬಾಯಲ್ಲಿ ಕಡುಬು ತುರುಕಿದ ಹಾಗಾಗುತ್ತಿತ್ತು. ಒಂದು ದಿನ ಹೊಟ್ಟೆಯ ಮೇಲೆ ಕೈಯಿಟ್ಟು ದೊಡ್ಡದಾಗಿ ನಿಟ್ಟುಸಿರು ಬಿಟ್ಟು ನೋಡಿದೆ. ಕೂತಿದ್ದ ಆಂಟಿಯೊಬ್ಬರು ಗ್ಯಾಸ್ಟ್ರಿಕ್ಕಾ ಎಂದು ಕೇಳಿ ಪರ್ಸಿನಿಂದ ಓಮದ ಪೊಟ್ಟಣ ತೆಗೆದು ಕೊಟ್ಟರು. ನಿಂತುಕೊಂಡೇ ತಿಂದೆ.

ಮಗು ಮೊದಲು ಅಲುಗಾಡಿದ್ದೂ ಬಸ್ಸಿನಲ್ಲೇ. ಹೊಟ್ಟೆಯೊಳಗೆ ಏನೋ ಪುಳಕ್ಕೆಂದಿತು. ನಮ್ಮ ಕಡೆಯ ರಸ್ತೆಯ ಗುಂಡಿಯೋ ಮಗುವೋ ತಿಳಿಯಲಿಲ್ಲ. ಸಿಗ್ನಲಿನಲ್ಲಿ ಬಸ್ಸು ನಿಂತಾಗ ಇನ್ನೊಮ್ಮೆ ಆಯಿತು. ಕಂಬಿ ಹಿಡಿದುಕೊಂಡು ಒಬ್ಬಳೇ ನಕ್ಕೆ.

ಆ ಸಂತೋಷದಲ್ಲೂ ನನ್ನ ಕಣ್ಣು ಮೂರನೇ ಸಾಲಿನ ಹುಡುಗಿಯ ಮೇಲಿತ್ತು. ಇಪ್ಪತ್ತೈದು ದಾಟಿರಲಾರದು. ನಾನು ಹತ್ತುವ ಮೊದಲೇ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿರುತ್ತಿದ್ದಳು. ಮುದುಕಿಯರು ಎದುರಿಗೆ ನಿಂತಿದ್ದರೂ ಕಣ್ಣು ಬಿಡಳು. ನಿದ್ದೆ ಮಾಡುವವರನ್ನು ಎಬ್ಬಿಸಬಹುದು, ನಿದ್ದೆಯ ನಾಟಕ ಆಡುವವರನ್ನು ಯಾರು ಎಬ್ಬಿಸಿಯಾರು! ಎರಡು ವಾರ ಅವಳಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಒಂದು ಸೋಮವಾರ ಶಾಲೆಯವರೆಗೂ ನಿಂತೇ ಹೋದೆ. ಮೊದಲ ಪಿರಿಯಡ್ ಮುಗಿಸಿ ಬಾತ್‌ರೂಮಿಗೆ ಹೋದರೆ ಬಟ್ಟೆಯಲ್ಲಿ ರಕ್ತದ ಕಲೆ. ಕೂಡಲೇ ಆಸ್ಪತ್ರೆಗೆ ಹೊರಟೆ. ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಕೇಳಿಸುವವರೆಗೆ ನಾನು ಉಸಿರಾಡಿದ ನೆನಪಿಲ್ಲ. ಮಗು ಕ್ಷೇಮವಾಗಿತ್ತು. ಹತ್ತು ದಿನ ಮನೆಯಲ್ಲೇ ಮಲಗಿರಲು ಹೇಳಿದರು.

ಕೆಲಸ ಬಿಟ್ಟುಬಿಡು ಎಂದರು ಅತ್ತೆ. ನನ್ನ ಗಂಡ ಅಮ್ಮನ ಮಾತಿಗೆ ತಲೆಯಾಡಿಸಿದರು. ಅವರ ಭಯ ನನಗೂ ಇತ್ತು. ಆದರೆ ನನಗೆ ಮಗು ಬೇಕು, ಪಾಠವೂ ಬೇಕು. ಎರಡಕ್ಕೂ ಅಡ್ಡ ಬಂದದ್ದು ನನ್ನ ನಾಚಿಕೆ ಒಂದೇ. ಬಾಯಿದ್ದವರು ಬರದಲ್ಲೂ ಬದುಕುತ್ತಾರೆ ಎನ್ನುತ್ತಾರೆ. ನಾನು ಬಾಯಿದ್ದೂ ಮಗುವನ್ನು ಪಣಕ್ಕಿಟ್ಟಿದ್ದೆ. ಮಲಗಿದ ಹತ್ತೂ ದಿನ ನನ್ನ ಮೇಲೆ ನನಗೇ ಕೋಪ ಉಕ್ಕುತ್ತಿತ್ತು. ಡಾಕ್ಟರು ಮತ್ತೆ ನೋಡಿ, ಕೂತು ಹೋಗುವುದಾದರೆ ಮಾತ್ರ ಹೋಗಿ ಎಂದ ದಿನ ಅತ್ತೆಗೆ ಹೇಳಿದೆ.

"ನಾಳೆಯಿಂದ ನಾನು ನಿಂತ್ಕೊಂಡು ಹೋಗಲ್ಲ ಅತ್ತೆ. ಸೀಟು ಕೇಳ್ತೀನಿ. ಕೊಡದಿದ್ರೆ ಇಳ್ದು ವಾಪಸ್ ಬರ್ತೀನಿ. ಕೇಳ್ದೆ ಮಾತ್ರ ಬರಲ್ಲ."

ಕಣ್ಣು ಬಿದ್ದರೇನು ಗತಿ ಎಂದರು. ದೃಷ್ಟಿ ತೆಗೆಯೋಕೆ ನೀವಿದೀರಲ್ಲ ಎಂದೆ.

ಮರುದಿನ ಬಸ್ಸು ಹತ್ತಿದವಳೇ ನೇರ ಆ ಹುಡುಗಿಯ ಹತ್ತಿರ ಹೋಗಿ ಭುಜ ತಟ್ಟಿದೆ.

"ಸ್ವಲ್ಪ ಏಳಮ್ಮ. ನಾನು ಬಸುರಿ, ನಿಲ್ಲೋ ಹಾಗಿಲ್ಲ."

ಕಣ್ಣು ಬಿಟ್ಟಳು. ಮುಖ ಬಿಳಿಚಿಕೊಂಡಿತ್ತು. ಬ್ಯಾಗು ಎತ್ತಿಕೊಂಡು ಎದ್ದು, ಕಂಬಿ ಹಿಡಿದು, ನನ್ನ ಕಿವಿಯ ಹತ್ತಿರ ಬಾಗಿದಳು.

"ಅಕ್ಕ, ನಂಗೂ ಮೂರು ತಿಂಗ್ಳು. ಇನ್ನೂ ಯಾರ್ಗೂ ಹೇಳಿಲ್ಲ. ಪರವಾಗಿಲ್ಲ, ನೀವು ಕೂತ್ಕೊಳ್ಳಿ."

ಮೊದಲ ನಾಲ್ಕು ತಿಂಗಳು ಇದೇ ಬಸ್ಸಿನಲ್ಲಿ ಕಂಬಿಗೆ ಒರಗಿ, ವಾಂತಿ ತಡೆಯಲು ನಾನೂ ಹೀಗೇ ಕಣ್ಣು ಮುಚ್ಚಿಕೊಂಡು ಬಂದವಳು. ಬೇರೆ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗಬೇಕಿತ್ತು. ನಾಚಿಕೆಯಿಂದ ಕುಗ್ಗಿಹೋದೆ. ಅವಳ ಭುಜ ಒತ್ತಿ ಮತ್ತೆ ಅಲ್ಲೇ ಕೂರಿಸಿದೆ. ಆದರೆ ನನಗೂ ನಿಲ್ಲುವ ಹಾಗಿರಲಿಲ್ಲ. ಅವಳ ಗುಟ್ಟು ನನ್ನ ಬಾಯಿಂದ ಹೊರಗೆ ಬರುವ ಹಾಗೂ ಇರಲಿಲ್ಲ. ತಿರುಗಿ ನಿಂತು, ಕೊನೆಯ ಬೆಂಚಿನವರಿಗೆ ಪಾಠ ಮಾಡುವ ದನಿಯಲ್ಲಿ ಇಡೀ ಬಸ್ಸಿಗೆ ಹೇಳಿದೆ.

"ನಾನು ಐದು ತಿಂಗಳ ಬಸುರಿ. ಡಾಕ್ಟ್ರು ನಿಲ್ಬೇಡಿ ಅಂದಿದಾರೆ. ನಂಗೊಂದು ಸೀಟು ಬೇಕು."

ಮುಂದಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಮೊಣಕಾಲಿಗೆ ಕೈ ಊರಿಕೊಂಡು ಎದ್ದರು. ನಾನು ದಿನವೂ ನೋಡುತ್ತಿದ್ದವರೇ. ಅವರ ಹಿಂದೆಯೇ ಇನ್ನಿಬ್ಬರು ಎದ್ದರು. ಒಬ್ಬ ಹುಡುಗ ಆ ಅಜ್ಜಿಗೆ ತನ್ನ ಜಾಗ ಕೊಟ್ಟ. ಕೂರುವ ಮೊದಲು ಅಜ್ಜಿ ನನ್ನನ್ನು ಗದರಿದರು.

"ದಿನಾ ಇಲ್ಲೇ ಕೂತಿರ್ತೀನಲ್ಲವ್ವ, ಒಂದ್ ಮಾತು ಬಾಯ್ಬಿಟ್ಟು ಹೇಳಕ್ಕೆ ನಿಂಗೇನಾಗಿತ್ತು?"

ಕೂತೆ. ಆ ಗದರಿಕೆ ನನಗೊಬ್ಬಳಿಗೇ ಸೇರಿದ್ದಲ್ಲ ಅನ್ನಿಸಿ ಹಿಂದೆ ತಿರುಗಿ ನೋಡಿದೆ. ಹುಡುಗಿ ಕಣ್ಣು ಬಿಟ್ಟುಕೊಂಡು ಅಜ್ಜಿಯನ್ನೇ ನೋಡುತ್ತಿದ್ದಳು. ಅಳುತ್ತಿದ್ದಳು.