ಬಸ್ಸಿಗೆ ಅರ್ಧ, ಡ್ರೈವರಿಗೆ ಅರ್ಧ

ಪದ್ಮಯ್ಯ ಕುಡಿಯುತ್ತಿರಲಿಲ್ಲ. ಸಿದ್ದಾಪುರದಿಂದ ವಿರಾಜಪೇಟೆಯವರೆಗೆ ಇದನ್ನು ನಂಬುವವರು ಈಗ ಇಬ್ಬರೇ, ಅವನ ಹೆಂಡತಿ ಯಮುನ ಮತ್ತು ನಾನು. ಅವನು ತೀರಿಹೋಗಿ ಇವತ್ತಿಗೆ ಹದಿನೇಳು ದಿನ. ಬಸ್ಸಿನಲ್ಲಿ ಕೂತವರು ಕೊಡಗು ಮೈಸೂರಿಗೆ ಸೇರುತ್ತದೋ ಇಲ್ಲವೋ ಎಂದು ವಾದ ಮಾಡುತ್ತಾರೆ, ನಡುವೆ ಅವನ ಸುದ್ದಿ ಬಂದರೆ “ಪಾಪ, ಕುಡಿದು ಕುಡಿದು ಹೋದ” ಎಂದು ಹೇಳಿ ಮತ್ತೆ ವಾದಕ್ಕೆ ಹೋಗುತ್ತಾರೆ. ಆ ಮಾತು ಎಲ್ಲಿಂದ ಹುಟ್ಟಿತು ಎಂದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಅವನು ಭಾಗಮಂಡಲದ ಕಡೆಯ ಗೌಡರ ಮನೆಯವನು. ಮನೆಯಲ್ಲಿ ಅರೆಭಾಷೆ, ಬಸ್ಸಿನಲ್ಲಿ ಯಾರು ಹತ್ತಿದರೋ ಅವರ ಭಾಷೆ. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದು ಒಬ್ಬ ಧಣಿಯ ಬಸ್ಸಿಗೆ ಡ್ರೈವರಾದ. ಆ ಬಸ್ಸೂ ಮಿಲಿಟರಿಯವರು ಹರಾಜಿಗೆ ಹಾಕಿದ ಲಾರಿಯ ಮೇಲೆ ಮರದ ಮೈ ಕಟ್ಟಿಸಿದ್ದು. ಬೆಳಿಗ್ಗೆ ಸಿದ್ದಾಪುರದಿಂದ ಹೊರಟು, ಅಮ್ಮತ್ತಿಯಲ್ಲಿ ಹತ್ತು ನಿಮಿಷ ನಿಂತು, ವಿರಾಜಪೇಟೆಗೆ ಹೋಗುತ್ತಿತ್ತು. ನಾನು ಅಮ್ಮತ್ತಿಯ ಶಾಲೆಯಲ್ಲಿ ಮೇಷ್ಟ್ರು. ನಮ್ಮ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವರು. ವಿರಾಜಪೇಟೆಯಿಂದ ಬರುವ ಪತ್ರಿಕೆಯನ್ನು ಅವನೇ ತಂದುಕೊಡುತ್ತಿದ್ದ. ಅದನ್ನು ನಾನು ಓದಿ ಹೇಳಬೇಕು, ಅವನು ರೇಡಿಯೇಟರಿಗೆ ನೀರು ಹಾಕುತ್ತಾ ಕೇಳಬೇಕು. ಸ್ನೇಹ ಹಾಗೆ ಆಯಿತು.

ಬಸ್ಸಿನ ದೊಡ್ಡ ಕಾಯಿಲೆ ಹೊಗೆ. ಎಂಜಿನ್ನಿನ ವಾಲ್ವುಗಳಿಗೆ ಮಸಿ ಕಟ್ಟಿ, ಅವು ಅರ್ಧ ತೆರೆದಲ್ಲೇ ಅಂಟಿಕೊಳ್ಳುತ್ತಿದ್ದವು. ಏರು ಬಂದರೆ ಎಲ್ಲರೂ ಇಳಿದು ನೂಕಬೇಕು. ಹಿಂದಿನ ಸೀಟು ಎಸ್ಟೇಟಿನ ಕೂಲಿ ಲೈನಿನವರದು. ಅಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಹೋಗುವ ಮುತ್ತಮ್ಮ ಎಂಬ ಮುದುಕಿ ಸೆರಗನ್ನು ಮೂಗಿಗೆ ಹಿಡಿದು ಕೂಗುತ್ತಿದ್ದಳು: “ಏ ಪದ್ಮಯ್ಯ, ನಿನ್ನ ಬಸ್ಸು ಬೀಡಿ ಬಿಡೋದು ಯಾವಾಗ?”

ಎಲ್ಲರೂ ನಗುತ್ತಿದ್ದರು. ಪದ್ಮಯ್ಯ ನಗುತ್ತಿರಲಿಲ್ಲ. ಒಂದು ಸಲ ತುಂಬಿದ ಬಸುರಿಯೊಬ್ಬಳು ಏರಿನಲ್ಲಿ ಇಳಿದು ನಡೆಯಬೇಕಾಯಿತು. ಆ ದಿನ ಅವನು ಅಮ್ಮತ್ತಿಯಲ್ಲಿ ಪತ್ರಿಕೆ ಓದಿಸಿಕೊಳ್ಳದೆ ಬಾನೆಟ್ ಎತ್ತಿ ನೋಡುತ್ತಾ ನಿಂತ. ಮಾರನೆಯ ದಿನ ಕೇಳಿದ: “ಮೇಷ್ಟ್ರೇ, ನಿಮ್ಮ ಪುಸ್ತಕದಲ್ಲಿ ಇದಕ್ಕೇನಾದರೂ ಉಂಟಾ?”

ನನ್ನ ಹತ್ತಿರ ಒಂದು ಪೆಟ್ಟಿಗೆ ತುಂಬ ಹಳೆಯ ಮೋಟಾರು ಪತ್ರಿಕೆಗಳಿದ್ದವು. ಬಂಗಲೆ ಖಾಲಿ ಮಾಡಿ ಸೀಮೆಗೆ ಹೋದ ಒಬ್ಬ ಇಂಗ್ಲಿಷ್ ದೊರೆಯ ಸಾಮಾನು ಹರಾಜಾದಾಗ, ಒಳಗೆ ಏನಿದೆ ಎಂದು ನೋಡದೆ ತಂದದ್ದು. ಅವುಗಳಲ್ಲಿ ಹುಡುಕಿದೆ. ಪಂದ್ಯದ ಕಾರುಗಳಿಗೆ ಹರಳೆಣ್ಣೆ ಹಾಕುತ್ತಾರೆ ಎಂದಿತ್ತು. ಎಷ್ಟು ಕಾಯಿಸಿದರೂ ಅದು ಲೋಹವನ್ನು ಬಿಟ್ಟು ಓಡುವುದಿಲ್ಲ, ನೆಲದಿಂದ ತೆಗೆದ ಎಣ್ಣೆಯ ಜಾತಿಯೇ ಬೇರೆ, ಬೀಜದ ಎಣ್ಣೆಯ ಜಾತಿಯೇ ಬೇರೆ ಎಂದು ವಿವರಿಸಿದ್ದರು. ಮುಂದಿನ ಪುಟ ಹರಿದಿತ್ತು. ನಾನು ಓದಿದಷ್ಟನ್ನು ಅವನಿಗೆ ಹೇಳಿದೆ.

ರಜೆಗೆ ಊರಿಗೆ ಹೋದಾಗ ಗಾಣದ ಹರಳೆಣ್ಣೆ ಒಂದು ಡಬ್ಬಿ ಬೇಕು ಎಂದೆ. ನಮ್ಮವ್ವ ಗಾಬರಿಯಾದಳು. “ಇಷ್ಟು ಯಾರಿಗಪ್ಪಾ? ನಿಮ್ಮ ಸ್ಕೂಲಿಗೆಲ್ಲ ಭೇದಿಗೆ ಕೊಡ್ತೀಯಾ?”

“ಒಂದು ಬಸ್ಸಿಗೆ ಹೊಟ್ಟೆ ಕಟ್ಟಿದೆ ಕಣವ್ವಾ.”

ಮೊದಲ ಸಲ ಅದನ್ನು ಎಂಜಿನ್ನಿನ ತಳದಲ್ಲಿರುವ ಎಣ್ಣೆಗೇ ಹಾಕಿದೆವು. ಎರಡು ಎಣ್ಣೆಗಳೂ ಬೆರೆಯದೆ, ಒಡೆದ ಹಾಲಿನಂತೆ ಗಟ್ಟಿ ಗಟ್ಟಿಯಾಗಿ ನಿಂತವು. ಇಡೀ ಭಾನುವಾರ ಪದ್ಮಯ್ಯ ಬಸ್ಸಿನ ಕೆಳಗೆ ಮಲಗಿ ಅದನ್ನೆಲ್ಲ ಬಸಿದು ತೆಗೆದ. ನಾನು ಪಕ್ಕದಲ್ಲಿ ಬೋಗುಣಿ ಹಿಡಿದು ಕೂತಿದ್ದೆ. ಹರಿದುಹೋದ ಪುಟದಲ್ಲಿ ಈ ಎಚ್ಚರಿಕೆಯೇ ಇದ್ದಿರಬೇಕು. ಕೆಳಗಿನಿಂದ ಅವನ ದನಿ ಬಂತು: “ಮೇಷ್ಟ್ರೇ, ಇನ್ನು ಮುಂದೆ ಪುಸ್ತಕ ಪೂರ್ತಿ ಇದ್ದರೆ ಮಾತ್ರ ಹೇಳಿ.”

ಪೆಟ್ರೋಲಿಗೇ ಸ್ವಲ್ಪ ಬೆರೆಸಿದರೆ ಅದು ಉರಿಯುತ್ತಾ ವಾಲ್ವಿನವರೆಗೆ ಹೋಗುತ್ತದಲ್ಲ ಎಂಬ ಯೋಚನೆ ಅವನದೇ. ಆದರೆ ಹರಳೆಣ್ಣೆ ಪೆಟ್ರೋಲಿನಲ್ಲಿ ಸರಿಯಾಗಿ ಕರಗದೆ ಜೇನಿನಂತೆ ತಳ ಹಿಡಿಯಿತು. ನಡುವೆ ಇನ್ನೊಂದು ಬೇಕು, ಎರಡರ ಜೊತೆಗೂ ಹೊಂದಿಕೊಳ್ಳುವಂಥದು. ಬೇರೆ ಸಂಚಿಕೆಯಲ್ಲಿ ಸಿಕ್ಕಿತು, ಮದ್ಯಸಾರ. ಪದ್ಮಯ್ಯ ಅಂಗಡಿಗೆ ಹೋಗಿ ಒಂದು ಬಾಟಲಿ ಸಾರಾಯಿ ತಂದ. ತನ್ನ ಜೀವಮಾನದಲ್ಲಿ ಅವನು ಕೊಂಡ ಸಾರಾಯಿ ಅದೊಂದೇ. ಗಾಜಿನ ಜಾಡಿಯಲ್ಲಿ ಕಲಸಿದರೆ ಎಲ್ಲ ಬೆಳ್ಳಗಾಗಿ, ಸ್ವಲ್ಪ ಹೊತ್ತಿನಲ್ಲಿ ಬೇರೆ ಬೇರೆಯಾಗಿ ಕೆಳಗೆ ನೀರು ನಿಂತಿತು. ಅವನು ಜಾಡಿಯನ್ನು ಬಿಸಿಲಿಗೆ ಹಿಡಿದು ನೋಡಿದ.

“ಥೂ, ಇದರಲ್ಲಿ ನೀರುಂಟು. ಇದನ್ನು ಮನುಷ್ಯರು ಕುಡೀತಾರಾ ಮೇಷ್ಟ್ರೇ? ಎಂಜಿನ್ನಿಗೇ ಆಗುವುದಿಲ್ಲ.”

ಕೊನೆಗೆ ಮರದ ಸಾಮಾನಿಗೆ ಪಾಲಿಶ್ ಹಾಕುವವರ ಹತ್ತಿರ ಸಿಗುವ ಸ್ಪಿರಿಟ್ಟು ತಂದ. ಅದು ಕೂಡಿತು. ನಾಲ್ಕು ಗ್ಯಾಲನ್ ಪೆಟ್ರೋಲಿಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಹರಳೆಣ್ಣೆ ಎರಡು ಔನ್ಸು. ಈ ಲೆಕ್ಕಕ್ಕೆ ಬರಲು ಅವನಿಗೆ ಎರಡು ತಿಂಗಳು ಹಿಡಿಯಿತು. ಮಿಶ್ರಣವನ್ನು ಒಂದು ಖಾಲಿ ಬ್ರಾಂದಿ ಬಾಟಲಿಯಲ್ಲಿ ತುಂಬಿ ಡ್ರೈವರ್ ಸೀಟಿನ ಕೆಳಗೆ ಇಟ್ಟುಕೊಂಡ. ಗಟ್ಟಿ ಬಿರಡೆಯ ಬಾಟಲಿ ಬೇರೆ ಇರಲಿಲ್ಲ, ಅಷ್ಟೇ.

ದಿನಾ ಬೆಳಿಗ್ಗೆ ಅಮ್ಮತ್ತಿಯಲ್ಲಿ ಬಸ್ಸು ನಿಂತಾಗ ಅವನು ಸೀಟಿನ ಕೆಳಗಿಂದ ಬಾಟಲಿ ತೆಗೆದು, ಅಳೆದು, ಟ್ಯಾಂಕಿಗೆ ಹಾಕುತ್ತಿದ್ದ. ಸುತ್ತ ಜನ ನಿಂತು ನೋಡುತ್ತಿದ್ದರು. ಕಂಡಕ್ಟರ್ ಕರಿಬಸಪ್ಪ ಒಂದು ದಿನ “ಇದೆಂಥ ಪೂಜೆ ಮೇಷ್ಟ್ರೇ?” ಎಂದು ನನ್ನನ್ನು ಕೇಳಿದ. ಕೇಳಲು ಜನ ಇದ್ದರು, ನನಗೂ ಹುಮ್ಮಸ್ಸು ಬಂತು.

“ಬಸ್ಸಿಗೆ ಅರ್ಧ, ಡ್ರೈವರಿಗೆ ಅರ್ಧ,” ಎಂದೆ.

ಜನ ಬಿದ್ದು ಬಿದ್ದು ನಕ್ಕರು. ಪದ್ಮಯ್ಯನೂ ನಕ್ಕ. ಆಮೇಲೆ ಅದು ನಿಲ್ಲಲೇ ಇಲ್ಲ. ಬಸ್ಸು ಅಮ್ಮತ್ತಿಗೆ ಬಂದರೆ ಯಾರಾದರೂ ಒಬ್ಬರು “ಅರ್ಧ ಆಯ್ತಾ?” ಎಂದು ಕೂಗುವರು, ಇನ್ನೊಬ್ಬರು “ಇನ್ನರ್ಧ ಮನೇಲಿ” ಎನ್ನುವರು. ನಮ್ಮ ಕಡೆ ಕುಡಿಯುವುದು ದೊಡ್ಡ ತಪ್ಪಲ್ಲ. ಹಬ್ಬಕ್ಕೂ ಕುಡಿಯುತ್ತಾರೆ, ಮಳೆಗೂ ಕುಡಿಯುತ್ತಾರೆ. ಹಾಗಾಗಿ ಅದರಲ್ಲಿ ಕೆಟ್ಟದ್ದೇನಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಕುಡಿಯದೆ ಇದ್ದವನನ್ನು ಕುಡಿಯುವವರಲ್ಲಿ ಸೇರಿಸಿಕೊಂಡದ್ದು ಒಂದು ಪ್ರೀತಿ ಎಂದೇ ನಾನೂ ತಿಳಿದಿದ್ದೆ.

ಹೊಗೆ ಮಾತ್ರ ನಿಜವಾಗಿಯೂ ತೆಳುವಾಯಿತು. ಆರು ತಿಂಗಳ ಮೇಲೆ ಎಂಜಿನ್ ಬಿಚ್ಚಿದಾಗ ಪದ್ಮಯ್ಯ ಒಂದು ವಾಲ್ವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶಾಲೆಗೇ ಬಂದ. ಮೊದಲಾದರೆ ಉಳಿಯಿಂದ ಕೆರೆದು ತೆಗೆಯುವಷ್ಟು ಮಸಿ ಇರುತ್ತಿತ್ತು. ಇದರ ದಂಟು ಒರೆಸಿದ ಚಮಚದಂತಿತ್ತು. “ಮುಟ್ಟಿ ನೋಡಿ, ಮುಟ್ಟಿ ನೋಡಿ” ಎಂದ. ಆ ವರ್ಷ ಏರಿನಲ್ಲಿ ಯಾರೂ ಇಳಿಯಲಿಲ್ಲ. ಮುತ್ತಮ್ಮ ಸೆರಗು ಬಿಟ್ಟು ಕೂತು, ಬೈಯಲು ಬೇರೆ ವಿಷಯ ಹುಡುಕಿಕೊಂಡಳು.

ಐವತ್ತನಾಲ್ಕರ ಕಕ್ಕಡ ತಿಂಗಳಲ್ಲಿ, ಆಷಾಢದ ಮಳೆ ಜೋರಾಗಿದ್ದ ಒಂದು ಬೆಳಿಗ್ಗೆ, ಎಸ್ಟೇಟ್ ಗೇಟಿನ ಹತ್ತಿರದ ಇಳಿಜಾರಿನಲ್ಲಿ ಬಸ್ಸು ರಸ್ತೆ ಬಿಟ್ಟು ಚರಂಡಿಗೆ ಇಳಿದು ಮಗುಚಿತು. ಬ್ರೇಕಿನ ಪೆಡಲು ನೆಲದವರೆಗೆ ಹೋಯಿತು ಎಂದು ಪದ್ಮಯ್ಯ ಹೇಳಿದ. ಬ್ರೇಕು ಸರಿ ಮಾಡಿಸಿ ಎಂದು ಅವನು ಧಣಿಗೆ ಮೂರು ಸಲ ಹೇಳಿದ್ದು ನನಗೆ ಗೊತ್ತು. ಏಳು ಜನಕ್ಕೆ ಪೆಟ್ಟಾಯಿತು. ಮುತ್ತಮ್ಮನ ತೊಡೆಯ ಮೂಳೆ ಮುರಿಯಿತು. ಸೀಟಿನ ಕೆಳಗಿನ ಬಾಟಲಿ ಒಡೆದು ಪದ್ಮಯ್ಯನ ಖಾಕಿ ಅಂಗಿ ತೊಯ್ದಿತು. ಆ ಅಂಗಿಯಲ್ಲೇ ಅವನು ಒಬ್ಬೊಬ್ಬರನ್ನೂ ಎತ್ತಿ ಹೊರಗೆ ತಂದ. ಹತ್ತಿರ ಬಂದವರಿಗೆಲ್ಲ ವಾಸನೆ ಬಡಿಯಿತು. ಪೊಲೀಸರಿಗೆ ಬ್ರಾಂದಿ ಬಾಟಲಿಯ ಚೂರು ಸಿಕ್ಕಿತು. ಒಳಗಿದ್ದದ್ದು ಏನು ಎಂದು ಪರೀಕ್ಷಿಸಲು ಒಂದು ಹನಿಯನ್ನೂ ಮಳೆ ಉಳಿಸಲಿಲ್ಲ. ಬ್ರೇಕು ನೋಡುವವರು ಬರುವ ಮೊದಲೇ ಧಣಿ ಬಸ್ಸನ್ನು ಎಳೆಸಿಕೊಂಡು ಹೋಗಿದ್ದ.

ಬಸ್ಸಿನಲ್ಲಿದ್ದವರು ಸುಳ್ಳು ಹೇಳಲಿಲ್ಲ. ಬಾಟಲಿ ದಿನಾ ನೋಡಿದ್ದೇವೆ ಎಂದು ಪೊಲೀಸರಿಗೆ ಹೇಳಿದರು. ಅವನು ಕುಡಿದದ್ದನ್ನು ನೋಡಿದ್ದೀರಾ ಎಂದರೆ ಇಲ್ಲ, ಆದರೆ ಎಲ್ಲರೂ ಹೇಳುತ್ತಾರೆ ಎಂದರು. ಎಲ್ಲರೂ ಎಂದರೆ ಯಾರು ಎಂದಾಗ ಕರಿಬಸಪ್ಪ, ನನಗೆ ಕೇಡಾಗಲಿ ಎಂದೇನೂ ಅಲ್ಲ, ನನ್ನ ಹೆಸರು ಹೇಳಿದ. ಕೋರ್ಟಿನಿಂದ ನನಗೆ ಕರೆ ಬಂತು.

“‘ಬಸ್ಸಿಗೆ ಅರ್ಧ, ಡ್ರೈವರಿಗೆ ಅರ್ಧ.’ ಈ ಮಾತು ನಿಮ್ಮದಾ?” ಸರಕಾರದ ಕಡೆಯ ವಕೀಲರು ಕೇಳಿದರು.

“ತಮಾಷೆಗೆ ಹೇಳಿದ್ದು ಸ್ವಾಮಿ.”

“ತಮಾಷೆಯಾ ಎಂದು ಕೇಳಲಿಲ್ಲ. ನಿಮ್ಮದಾ?”

“ನನ್ನದು.”

ಆಮೇಲೆ ನಾನು ಹರಳೆಣ್ಣೆ, ಸ್ಪಿರಿಟ್ಟು, ವಾಲ್ವು ಎಂದೆಲ್ಲ ವಿವರಿಸಿದೆ. ಅದು ಎಂಜಿನ್ನಿನ ಔಷಧಿ ಎಂದೆ.

“ಔಷಧಿ ಅಂತ ಎಲ್ಲರೂ ಹೇಳೋದೇ ಮೇಷ್ಟ್ರೇ,” ಎಂದರು ವಕೀಲರು. ಕೋರ್ಟಿನಲ್ಲಿ ನಗೆ ಎದ್ದಿತು. ಅಮ್ಮತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಏಳುತ್ತಿದ್ದ ನಗೆಯೇ ಅದು.

ಪದ್ಮಯ್ಯನ ಲೈಸೆನ್ಸು ಹೋಯಿತು. ಹೊರಗೆ ಬಂದು ಅವನು ನನಗೆ ಒಂದು ಲೋಟ ಕಾಫಿ ಕೊಡಿಸಿದ. “ನೀವು ಸುಳ್ಳು ಹೇಳಲಿಲ್ಲವಲ್ಲ, ಬಿಡಿ,” ಎಂದ. ಲೋಟ ಕೆಳಗಿಟ್ಟು, “ಮುತ್ತಮ್ಮ ನನ್ನ ಬಗ್ಗೆ ಏನು ತಿಳಕೊಂಡಳೋ,” ಎಂದ. ಅವನ ಚಿಂತೆ ಅದು. ಆಸ್ಪತ್ರೆಗೆ ಎರಡು ಸಲ ನೋಡಲು ಹೋಗಿದ್ದ, ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳಂತೆ. ನಾನು ಹೋಗಿ ನಿಜ ಹೇಳಿದೆ. “ಆಗ ಹಾಗೆ ಹೇಳಿದಿರಿ, ಈಗ ಹೀಗೆ ಹೇಳ್ತೀರಿ,” ಎಂದಳು. ಕಳೆದ ಮಳೆಗಾಲದಲ್ಲಿ ಅವಳೂ ಹೋದಳು.

ಅವನು ಸಿದ್ದಾಪುರದ ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಎಂಜಿನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಅಲ್ಲಿಯೂ ಹೊಗೆ ಕಡಿಮೆ ಮಾಡಿದ, ಒಣಗಲು ಹರಡಿದ ಕಾಫಿಗೆ ಎಣ್ಣೆಯ ವಾಸನೆ ಹತ್ತುವುದು ನಿಂತಿತು ಎಂದು ಅಲ್ಲಿ ಲೆಕ್ಕ ಬರೆಯುವ ರೈಟರ್ ನನಗೆ ಹೇಳಿದ. ಆದರೆ ಈಗ ಮಿಶ್ರಣವನ್ನು ಬಾಟಲಿಯಲ್ಲಿ ಇಡುತ್ತಿರಲಿಲ್ಲ. ಮುಚ್ಚಳವಿಲ್ಲದ ತಗಡಿನ ಡಬ್ಬಿಯಲ್ಲಿ, ಎಲ್ಲರಿಗೂ ಕಾಣುವ ಕಡೆ ಇಡುತ್ತಿದ್ದ. ಸ್ಪಿರಿಟ್ಟು ಅರ್ಧಕ್ಕರ್ಧ ಗಾಳಿಗೆ ಹೋಗುತ್ತದಲ್ಲ ಎಂದೆ. “ಹೋಗಲಿ” ಎಂದ.

ಈ ಜನವರಿಯ ಕೊನೆಯಲ್ಲಿ ಅವನ ಕಣ್ಣು ಹಳದಿಯಾಯಿತು. ಅವನಿದ್ದ ಎಸ್ಟೇಟ್ ಲೈನಿನಲ್ಲಿ ತೋಡಿನ ನೀರು ಕುಡಿದ ಇನ್ನೂ ನಾಲ್ಕು ಜನಕ್ಕೆ ಕಾಮಾಲೆಯಾಗಿತ್ತು. ಅವರು ಬದುಕಿದರು. ಅವರಿಗೆ ಬಂದದ್ದು ನೀರಿನಿಂದ, ಪದ್ಮಯ್ಯನಿಗೆ ಬಂದದ್ದು ಸಾರಾಯಿಯಿಂದ ಎಂದು ಊರು ಬೇರೆ ಮಾಡಿ ಹೇಳಿತು. ಕೊನೆಯ ದಿನ ಮಾತಿಗೆ ಶಕ್ತಿಯಿರಲಿಲ್ಲ. ನನ್ನ ಕೈ ಹಿಡಿದುಕೊಂಡ. ನಾನು ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ಹೋದವನು, ಬಿಸಿನೀರು ಬೇಕಾ ಎಂದು ಕೇಳಿ ಬಂದೆ.

ಹನ್ನೊಂದನೆಯ ದಿನ ಅವನ ಮನೆಯಲ್ಲಿ ಎಡೆ ಇಟ್ಟರು. ತೀರಿಹೋದವರಿಗೆ ಇಷ್ಟವಾದದ್ದನ್ನು ಬಾಳೆಲೆಯಲ್ಲಿ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ಅವರ ಕ್ರಮ. ಅಕ್ಕಿರೊಟ್ಟಿ, ಕೋಳಿಸಾರು, ಮಳೆಗಾಲದಿಂದ ಉಪ್ಪಿನಲ್ಲಿಟ್ಟಿದ್ದ ಬಿದಿರಿನ ಕಣಿಲೆಯ ಪಲ್ಯ ಬಡಿಸಿದ ಮೇಲೆ ಅವನ ದೊಡ್ಡಪ್ಪನ ಮಗ ಕುಶಾಲಪ್ಪ ಚೀಲದಿಂದ ಒಂದು ಸಾರಾಯಿ ಬಾಟಲಿ ತೆಗೆದು ಎಲೆಯ ಬಲಕ್ಕೆ ಇಟ್ಟ. ಅವನ ಕಣ್ಣು ತುಂಬಿತ್ತು.

“ಅವನು ಕುಡಿಯುತ್ತಿರಲಿಲ್ಲ,” ಎಂದೆ ನಾನು.

“ಇರಲಿ ಮೇಷ್ಟ್ರೇ. ನಾವೆಲ್ಲ ಕುಡಿಯುವವರೇ, ನಾಚಿಕೆ ಎಂಥದ್ದು? ನೀವೇ ಹೇಳ್ತಿದ್ದಿರಲ್ಲ,” ಎಂದು ಕುಶಾಲಪ್ಪ ಅಳುತ್ತಲೇ ನಕ್ಕ. “ಬಸ್ಸಿಗೆ ಅರ್ಧ...”

“ಅದು ಸುಳ್ಳು. ನಾನು ಕಟ್ಟಿದ ಸುಳ್ಳು.”

ದುಃಖದಲ್ಲಿ ಮೇಷ್ಟ್ರು ಏನೋ ಅನ್ನುತ್ತಾರೆ ಎಂಬಂತೆ ಒಬ್ಬರು ನನ್ನ ಭುಜ ಹಿಡಿದು ಪಕ್ಕಕ್ಕೆ ಕರೆದರು. ಆಗ ಯಮುನ ಒಳಗಿನಿಂದ ಬಂದಳು. ಬಾಟಲಿಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದು ನೋಡಿದಳು, ಅವನು ಜಾಡಿ ಹಿಡಿದು ನೋಡಿದ ಹಾಗೆಯೇ.

“ಇದ್ ಆಕಿಲೆ ಭಾವ. ಇದ್ರಲಿ ನೀರ್ ಉಟ್ಟು,” ಎಂದು ಕುಶಾಲಪ್ಪನಿಗೆ ಅರೆಭಾಷೆಯಲ್ಲಿ ಹೇಳಿದಳು, ಇದು ಆಗುವುದಿಲ್ಲ, ಇದರಲ್ಲಿ ನೀರುಂಟು ಎಂದು. ಆಮೇಲೆ ನನ್ನ ಕಡೆ ತಿರುಗಿದಳು. “ಇದನ್ನು ಅವರು ಎಂಜಿನ್ನಿಗೂ ಹಾಕ್ತಿರಲಿಲ್ಲ. ಅಲ್ವಾ ಮೇಷ್ಟ್ರೇ?”

“ಇಲ್ಲಮ್ಮ. ಹಾಕ್ತಿರಲಿಲ್ಲ.”

ಅವಳು ಬಾಟಲಿಯನ್ನು ಕುಶಾಲಪ್ಪನ ಚೀಲಕ್ಕೇ ವಾಪಸು ಹಾಕಿ, ಒಳಗೆ ಹೋಗಿ, ಬೆಲ್ಲದ ಕರಿಕಾಫಿ ಒಂದು ಲೋಟ ತಂದು ಅದೇ ಜಾಗದಲ್ಲಿ ಇಟ್ಟಳು. ಕುಶಾಲಪ್ಪ ಅದನ್ನು ತೆಗೆಯಲಿಲ್ಲ. ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.