ಈಗ ನಿಮ್ಮ ಪಾಳಿ

ಮಿರಜಿನಲ್ಲಿ ನಮ್ಮ ಎದುರು ಮನೆಗೆ ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಕೆನಡಾದ ಮಿಶನರಿ ಕುಟುಂಬವೊಂದು ಬಾಡಿಗೆಗೆ ಬಂದಿತ್ತು. ಗಂಡ ಪ್ರಾರ್ಥನೆಗೆಂದು ಖಂಡೇರಾಜುರಿ ಹಳ್ಳಿಯ ಕಡೆ ಬೈಕಿನಲ್ಲಿ ಹೊರಟರೆ, ಹೆಂಡತಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ನಮ್ಮಲ್ಲಿಗೆ ಬರುತ್ತಿದ್ದರು. ತಲೆಯ ಬಿಳಿ ಟೋಪಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಮ್ಮ ಮನೆಯ ಕನ್ನಡ ಕಲಿತರು. ಅವರಿಗೆ ಬಹಳ ಹಿಡಿಸಿದ್ದು ‘ಈಗ ನಿಮ್ಮ ಪಾಳಿರಿ’ ಎಂಬುದು. ನಾಲ್ಕು ರೊಟ್ಟಿ ಬಡಿದು, ಹಾಗೆನ್ನುತ್ತ ಹಿಟ್ಟನ್ನು ನನ್ನತ್ತ ಸರಿಸುತ್ತಿದ್ದರು.

“ನಿನಗಿಂತ ಛಲೋ ಬಡೀತಾಳ ನೋಡು,” ಎಂದು ಅತ್ತೆ ನನ್ನನ್ನು ಚುಚ್ಚುತ್ತಿದ್ದರು.

ಒಮ್ಮೆ ಬಸದಿಯಿಂದ ಬಂದ ಅತ್ತೆಗೆ ಕಾಲು ತೊಳೆಯಲು ನಾನು ತಂಬಿಗೆ ತಂದೆ. ಮಕ್ಕಳೊಂದಿಗೆ ಅಲ್ಲೇ ಇದ್ದ ಮಿಶನರಿಯ ಹೆಂಡತಿ ನನ್ನಿಂದ ಅದನ್ನು ತೆಗೆದುಕೊಂಡು, ಮಂಡಿಯೂರಿ, ಅತ್ತೆಯ ಕಾಲು ತೊಳೆದು ಒರೆಸಿದರು. ಅತ್ತೆ ಹಿಗ್ಗಿದರು. ಆಕೆ ತಂಬಿಗೆಯನ್ನು ನನ್ನ ಕೈಗೆ ಮರಳಿಸಿ, ಮೆಟ್ಟಿಲ ಮೇಲೆ ಕುಳಿತು, ಚಪ್ಪಲಿ ಬಿಟ್ಟು ತಮ್ಮ ಕಾಲನ್ನು ಅತ್ತೆಯತ್ತ ಚಾಚಿದರು.

“ನಮ್ಮ ಚರ್ಚಿನ್ಯಾಗ ಹೆಣ್ಣಮಕ್ಕಳು ಒಬ್ಬರ ಕಾಲು ಒಬ್ಬರು ತೊಳೀತೇವಿ. ಈಗ ನಿಮ್ಮ ಪಾಳಿರಿ.”

ಅತ್ತೆ ಸೀರೆಯ ನಿರಿಗೆ ಎತ್ತಿ ಹಿಂದೆ ಸರಿದರು. “ನಾ ತೊಳೀಲೇನ, ಇಕಿ ಕಾಲು?” ಎಂದು ನನ್ನನ್ನು ಕೇಳಿದರು. ಆಕೆಗೆ ಅದು ಅರ್ಥವಾಗುವಷ್ಟು ಕನ್ನಡ ಬರುತ್ತಿತ್ತು.

ತಂಬಿಗೆಯಲ್ಲಿ ಇನ್ನೂ ನೀರಿತ್ತು. ನಾನಾದರೂ ಬಗ್ಗಬಹುದಿತ್ತು. ಆಕೆಯ ಮಕ್ಕಳು ನನ್ನನ್ನೇ ನೋಡುತ್ತಿದ್ದರು. ನಾನು ಅತ್ತೆಯ ಮುಖ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಆಕೆ ಕಾಲು ಹಿಂದಕ್ಕೆಳೆದುಕೊಂಡು ಚಪ್ಪಲಿ ಮೆಟ್ಟಿದರು.

ಊರು ಬಿಡುವವರೆಗೂ ಆಕೆ ನಮ್ಮ ಮನೆಗೆ ಬಂದರು, ನಕ್ಕರು, ಮಾತಾಡಿದರು. ರೊಟ್ಟಿಗೆ ಕುಳಿತರೆ ಮಾತ್ರ ಹಿಟ್ಟು ಮುಗಿಯುವ ತನಕ ತಾವೊಬ್ಬರೇ ಬಡಿಯುತ್ತಿದ್ದರು. ನನ್ನ ಪಾಳಿ ಎಂದು ಮತ್ತೆಂದೂ ಕರೆಯಲಿಲ್ಲ.