ಹೆಣ ಎಳೆಯುವ ಅಪ್ಪಣೆ

ನನ್ನ ಅತ್ತಿಗೆ ಸಿಟ್ಟು ಬಂದಾಗ ಕೂಗಾಡುವವಳಲ್ಲ. ಕನ್ನಡಕ ತೆಗೆದು, ಜೇಬಿನಲ್ಲಿ ಸದಾ ಇರುವ ಮೆತ್ತನೆಯ ಬಟ್ಟೆಯಿಂದ ಒರೆಸಿ, ಮತ್ತೆ ಹಾಕಿಕೊಂಡು ಎದುರಿನವರನ್ನು ನೋಡುತ್ತಾಳೆ. ಅಷ್ಟೇ. ಆ ನೋಟಕ್ಕೆ ಸಿಕ್ಕವರು ಎಷ್ಟು ವರ್ಷ ಕಳೆದರೂ ಬಚಾವಾಗುವುದಿಲ್ಲ. ಮದುವೆಯಾದ ಹೊಸತರಲ್ಲಿ ನನ್ನಣ್ಣ ಒಮ್ಮೆ ಅವಳ ಅಡುಗೆಗೆ ಮೂಗು ಮುರಿದಿದ್ದ. ಇವತ್ತಿಗೂ ನಮ್ಮ ಮನೆಯಲ್ಲಿ ಭಾನುವಾರದ ಅಡುಗೆ ಅವನದೇ. ಸೇಡು ಅಂದರೆ ಹಾಗಿರಬೇಕು. ನನಗೆ ಅವಳು ಹಿಡಿಸಿದ್ದೇ ಅದಕ್ಕೆ.

ಅವಳ ಕೆಲಸ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ. ಮುಂದುಗಡೆ ಕನ್ನಡಿ, ದೀಪ, ಗಿರಾಕಿಗಳ ಮುಖ ಹೊಗಳುವ ಹುಡುಗಿಯರು. ಹಿಂದುಗಡೆ ಇವಳು, ಒಂದು ಸ್ಟೂಲು, ಲೆನ್ಸನ್ನು ಫ್ರೇಮಿನ ಅಳತೆಗೆ ಉಜ್ಜುವ ಒಂದು ಯಂತ್ರ. ದಿನವೆಲ್ಲ ಅದರ ಕಿರಿಚಾಟ ಕೇಳಿ, ಉಗುರ ಸಂದಿಯಲ್ಲಿ ಬಿಳಿ ರಾಡಿ ತುಂಬಿಕೊಂಡು ಬರುತ್ತಾಳೆ. ಕೈ ತೊಳೆದು, ಹಾಲಿನ ಮೂಲೆಯಲ್ಲಿ ಫ್ರಿಜ್ಜಿಗೂ ಚಪ್ಪಲಿ ಗೂಡಿಗೂ ನಡುವೆ ತುರುಕಿಟ್ಟ ಕಂಪ್ಯೂಟರಿನ ಮುಂದೆ ಕೂತಳೆಂದರೆ ಬೇರೆಯೇ ಹೆಂಗಸು.

ಆ ಹುಚ್ಚು ಹಿಡಿಸಿದವಳು ನಾನೇ. ಅವಳು ನಮ್ಮ ಮನೆಗೆ ಬಂದಾಗ ಊರಲ್ಲಿ ಅವಳಿಗೆ ಒಂದು ನರಪಿಳ್ಳೆಯ ಪರಿಚಯವೂ ಇರಲಿಲ್ಲ. ಅಣ್ಣ ಲಿಫ್ಟ್ ರಿಪೇರಿಯವನು. ಎಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಹೆಂಡತಿಯನ್ನು ಬಿಟ್ಟು ಓಡುತ್ತಿದ್ದ. ನನಗೂ ಅವಳಿಗೂ ಒಂದೇ ವಯಸ್ಸು, ಬಂದ ವಾರಕ್ಕೇ 'ನೀನು' ಅನ್ನತೊಡಗಿದ್ದೆವು. "ಅತ್ತಿಗೆ, ಇಲ್ಲಿ ಕೂತ್ಕೋ, ಒಂದು ಲೋಕ ತೋರಿಸ್ತೀನಿ" ಅಂದೆ. ನಾನು ನಾಲ್ಕು ತಿಂಗಳಿಗೆ ಬೇಸತ್ತು ಬಿಟ್ಟೆ. ಅವಳು ಬಿಡಲಿಲ್ಲ.

ಸಾವಿರಾರು ಜನ ತಂತಮ್ಮ ಮನೆಯಲ್ಲೇ ಕೂತು ಒಂದೇ ಲೋಕದೊಳಗೆ ಹೋಗಿ, ಒಬ್ಬ ಕತ್ತಿಯವನಾಗಿ, ಇನ್ನೊಬ್ಬ ಮಂತ್ರವಾದಿಯಾಗಿ, ದಳ ಕಟ್ಟಿಕೊಂಡು ಮೃಗಗಳ ಗವಿಗೆ ನುಗ್ಗುವ ಆಟ ಅದು. ಅತ್ತಿಗೆ ವೈದ್ಯೆಯ ವೇಷ ಹಾಕಿದಳು. ಹೆಸರು 'ಮುಲಾಮು'. ಬಡಿದಾಡುವುದು ಬೇರೆಯವರ ಕೆಲಸ. ಅವರಿಗೆ ಏಟು ಬಿದ್ದಾಗ ಮದ್ದು ಹಾಕಿ ಉಳಿಸುವುದು ಇವಳದು. ಒಳ್ಳೆಯ ವೈದ್ಯೆ ಎಂದರೆ ಆ ಲೋಕದಲ್ಲಿ ಜನ ದಾರಿಗಡ್ಡ ನಿಂತು ಕರೆಯುತ್ತಿದ್ದರು. ನಮ್ಮ ಬೀದಿಯಲ್ಲಿ ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ, ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ಆಗಿನ ಆಟದಲ್ಲಿ ಸಾವು ಅಂದರೆ ಸಾವೇ. ಸತ್ತರೆ ನೀವು ಪ್ರೇತವಾಗಿ ಗವಿಯ ಹೊರಗೆ ಬಂದು ನಿಲ್ಲುತ್ತಿದ್ದಿರಿ. ನಿಮ್ಮ ಹೆಣ, ಮೈಮೇಲಿನ ಕವಚ, ಆಯುಧ ಎಲ್ಲವೂ ಬಿದ್ದಲ್ಲೇ ಇರುತ್ತಿದ್ದವು. ಯಾರಾದರೂ ಒಳಗಿನಿಂದ ಹೆಣ ಎಳೆದು ತಂದು ಎಬ್ಬಿಸಬೇಕು, ಇಲ್ಲದಿದ್ದರೆ ಅದು ಅಲ್ಲೇ ಕೊಳೆತು ಹೋಗುತ್ತಿತ್ತು. ಕಂಡವರೆಲ್ಲ ಎಳೆಯುವಂತೆಯೂ ಇರಲಿಲ್ಲ. ಇಂಥವರು ನನ್ನ ಹೆಣ ಎಳೆಯಬಹುದು ಎಂದು ಸತ್ತವರೇ ಹೆಸರು ಹೇಳಿ ಅಪ್ಪಣೆ ಕೊಡಬೇಕಿತ್ತು. ಆ ಅಪ್ಪಣೆಯನ್ನು ಯಾರೂ ಸುಮ್ಮಸುಮ್ಮನೆ ಕೊಡುತ್ತಿರಲಿಲ್ಲ. ನನ್ನತ್ತಿಗೆ ಕೊಟ್ಟಿದ್ದು ದಂಡನಾಯಕನಿಗೆ.

ದಂಡನಾಯಕ ಎಂಬುದು ಆಟದಲ್ಲಿ ಅವನಿಟ್ಟುಕೊಂಡ ಹೆಸರು. ಇವಳ ದಳದ ಮುಖ್ಯಸ್ಥ, ಮಾತಿನಮಲ್ಲ. ಒಂದು ದಿನ ದಳವನ್ನು ಆ ಲೋಕದ ಅತಿ ಆಳದ ಗವಿಗೆ ಕರೆದೊಯ್ದು, ಜಂಬದಿಂದ ಒಂದೇ ಸಲಕ್ಕೆ ಎರಡು ಹಿಂಡು ಮೃಗಗಳನ್ನು ಮೈಮೇಲೆ ಎಳೆದುಕೊಂಡ. ತಡೆಯಲಾಗಲಿಲ್ಲ, ಓಡಿದ. ಗಲಾಟೆಯಲ್ಲಿ ಯಾರೂ ನೋಡಲಿಲ್ಲ. ಎಲ್ಲರ ಪ್ರಾಣ ಹಿಡಿದುಕೊಂಡು ಹಿಂದೆ ನಿಂತಿದ್ದ ಅತ್ತಿಗೆ ಮಾತ್ರ ನೋಡಿದಳು. ಅವಳು ಓಡಲಿಲ್ಲ. ಕೊನೆಯವನು ಬೀಳುವವರೆಗೂ ಮದ್ದು ಹಾಕುತ್ತಲೇ ಇದ್ದು, ಎಲ್ಲರಿಗಿಂತ ಒಳಗೆ ತಾನೂ ಬಿದ್ದಳು.

ಬದುಕಿದ್ದವನು ಅವನೊಬ್ಬನೇ. "ಎಲ್ಲರೂ ಅಪ್ಪಣೆ ಕೊಡಿ, ಮೃಗಗಳು ಮಲಗಿದ ಮೇಲೆ ಎಳೆದು ತರ್ತೀನಿ" ಅಂದ. ಕೊಟ್ಟರು. ಅವನು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಒಳಗಿದ್ದ ಅತ್ತಿಗೆಯ ಹೆಣವನ್ನು ಗವಿಯ ಬಾಗಿಲ ತನಕ ಎಳೆದು, ಮುಖ ಹೊರಗೆ ಮಾಡಿ ಮಲಗಿಸಿ, ಆಮೇಲೆ ಎಲ್ಲರಿಗೂ ಅದರ ಚಿತ್ರ ಕಳಿಸಿದ. "ನೋಡಿ, ವೈದ್ಯೆ ಎಲ್ಲಿ ಸತ್ತಿದಾಳೆ. ನಮ್ಮನ್ನೆಲ್ಲ ಬಿಟ್ಟು ಓಡೋಕೆ ಹೋಗಿ ಬಾಗಿಲಲ್ಲಿ ಬಿದ್ದಿದಾಳೆ. ನಾನು ತಡೆಯೋಕೆ ಹಿಂದೆ ಹೋದೆ, ಅದಕ್ಕೇ ಉಳ್ಕೊಂಡೆ."

ಹೆಣ ಬಿದ್ದ ಜಾಗಕ್ಕಿಂತ ದೊಡ್ಡ ಸಾಕ್ಷಿ ಆ ಲೋಕದಲ್ಲಿ ಇರಲಿಲ್ಲ. ಅತ್ತಿಗೆ ಹೇಳಿದ ಒಂದು ಮಾತನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗೆಲ್ಲ ಹೆಸರು ಬದಲಿಸುವಂತಿಲ್ಲ, ಬೇರೆ ಸರ್ವರ್‌ಗೆ, ಅಂದರೆ ಅದೇ ಲೋಕದ ಇನ್ನೊಂದು ಪ್ರತಿಗೆ, ಹೋಗುವಂತಿಲ್ಲ. ಒಂದು ಸಲ ಹೆಸರು ಕೆಟ್ಟರೆ ಕೆಟ್ಟಿತು. ಯಾವ ದಳವೂ ಹತ್ತಿರ ಸೇರಿಸಲಿಲ್ಲ. ಒಂದು ಸಂಜೆ ಅವಳು ಕಂಪ್ಯೂಟರ್ ಆರಿಸಿ, ಕನ್ನಡಕ ಒರೆಸಿಕೊಂಡು, ಏನೂ ಆಗದವಳಂತೆ ಅಡುಗೆಮನೆಗೆ ಹೋದಳು. ಅವಳು ಅಳಲಿಲ್ಲ. ನಾನೇ ಅವನನ್ನು ಬಾಯಿಗೆ ಬಂದಂತೆ ಬೈದೆ.

ಆಮೇಲೆ ವರ್ಷಗಟ್ಟಲೆ ಹೊಸ ಆಟಗಳನ್ನು ಆಡಿ ನೋಡಿದಳು. ಯಾವುದೂ ರುಚಿಸಲಿಲ್ಲ. ಈಗಿನ ಆಟಗಳಲ್ಲಿ ದಳ ಕಟ್ಟುವುದು ಯಂತ್ರ. ಗುಂಡಿ ಒತ್ತಿದರೆ ಎಲ್ಲೆಲ್ಲಿಯವರನ್ನೋ ತಂದು ಸೇರಿಸುತ್ತದೆ, ಕೆಲಸ ಮುಗಿದೊಡನೆ ಚದುರಿಸುತ್ತದೆ. ನಮಸ್ಕಾರ ಅನ್ನುವುದರೊಳಗೆ ಆಸಾಮಿ ಮಾಯ. ದಾರಿ ತೋರಿಸಲು ನೆಲದ ಮೇಲೆ ಬಾಣದ ಗುರುತು. ಸತ್ತರೆ ಮರುಕ್ಷಣ ಅಲ್ಲೇ ಎದ್ದು ಮೈ ಕೊಡವಿಕೊಳ್ಳಬಹುದು. ಹೆಣವೂ ಇಲ್ಲ, ಅಪ್ಪಣೆಯೂ ಇಲ್ಲ. ಆಟದ ಕುದುರೆಗೆ ಹಾಕಲು ಬಣ್ಣಬಣ್ಣದ ಅಂಗಿ ಮಾರುತ್ತಾರೆ, ಅದೊಂದು ಇದೆ.

"ಒಳ್ಳೇದಲ್ವಾ? ಯಾರೂ ಯಾರಿಗೂ ಮೋಸ ಮಾಡೋಕಾಗಲ್ಲ" ಅಂದೆ ಒಂದು ಸಲ.

"ಮೋಸ ಮಾಡೋಕಾಗಲ್ಲ ನಿಜ. ಸೇಡು ತೀರಿಸ್ಕೊಳ್ಳೋಕೂ ಆಗಲ್ಲ. ಇಂಥಾ ಸಪ್ಪೆ ಲೋಕ ಕಟ್ಕೊಂಡು ಏನ್ ಮಾಡ್ಲಿ?" ಅಂದಳು.

ಹೋದ ವರ್ಷ ಆ ಹಳೆಯ ಆಟವನ್ನು, ಹಳೆಯ ಕಾಯಿದೆಗಳ ಸಮೇತ, ಮತ್ತೆ ತೆರೆದರು. ಸುದ್ದಿ ತಂದವನು ಅಣ್ಣ. ಪಾಪ, ಹೆಂಡತಿಗೆ ಖುಷಿಯಾಗಲಿ ಅಂತ ಹೇಳಿದ್ದ. ಅತ್ತಿಗೆ ಮೊದಲು ಹುಡುಕಿದ್ದು ದಂಡನಾಯಕನನ್ನು. ಮಹಾಶಯ ಅದೇ ಹೆಸರಿಟ್ಟುಕೊಂಡು, ಹಳೆಯ ದಳದವರನ್ನೇ ಸೇರಿಸಿಕೊಂಡು, ಮೀಸೆ ತಿರುವುತ್ತ ಕೂತಿದ್ದ. ಇವಳು ಬೋಳುತಲೆ, ಮೊಳದುದ್ದ ಗಡ್ಡದ ಕುಳ್ಳ ವೈದ್ಯನ ವೇಷ ತೊಟ್ಟು, 'ಬೋಳಣ್ಣ' ಅಂತ ಹೆಸರಿಟ್ಟುಕೊಂಡು ಆ ದಳಕ್ಕೇ ಸೇರಿದಳು.

ಸೇರಿದ ಮೊದಲ ದಿನವೇ ಒಬ್ಬ ಹೊಸಬ ಯುದ್ಧದ ನಡುವೆ ಓಡಿಹೋದ. ಆಗ ದಳದ ಬಿಲ್ಲುಗಾರ, ಎಲ್ಲರೂ ತಾತ ಎಂದು ಕರೆಯುವ ಹಳೆಯ ಆಟಗಾರ, ಪರದೆಯ ಮೇಲೆ ಎಲ್ಲರಿಗೂ ಕಾಣುವ ಮಾತುಕತೆಯ ಕಿಟಕಿಯಲ್ಲಿ ಬರೆದ: "ಇನ್ನೊಬ್ಬ ಮುಲಾಮು ಆದ ನೋಡ್ರಪ್ಪ!" ಎಲ್ಲರೂ ನಕ್ಕರು. ಇಷ್ಟು ವರ್ಷವೂ ಅವರ ನಡುವೆ ಹೇಡಿಗೆ ಅದೇ ಹೆಸರಾಗಿತ್ತಂತೆ. ಹೊಸಬರಿಗೂ ಕಲಿಸಿಕೊಟ್ಟಿದ್ದರು. ಮುಲಾಮು ಆಗಬೇಡ, ಮುಲಾಮು ಬುದ್ಧಿ ಬಿಡು. ಅತ್ತಿಗೆ ಕನ್ನಡಕ ಒರೆಸಿದಳು, ಆಮೇಲೆ ತಾನೂ ಒಂದು ನಗು ಟೈಪು ಮಾಡಿದಳು.

"ಏನ್ ಮಾಡ್ತೀಯ?" ಅಂದೆ.

"ಅವನು ನನಗೆ ಏನ್ ಮಾಡಿದ್ನೋ ಅದನ್ನೇ. ಅದೇ ಗವಿ, ಅದೇ ಬಾಗಿಲು."

ತಿಂಗಳುಗಟ್ಟಲೆ ಅವನ ಪ್ರಾಣ ಕಾಪಾಡಿದಳು. ಬೋಳಣ್ಣ ಇಲ್ಲದೆ ದಂಡನಾಯಕ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ, ಅಣ್ಣ ಅಡುಗೆಮನೆಯಲ್ಲಿ ಒಗ್ಗರಣೆ ಸೀಯಿಸುವ ಹೊತ್ತಿಗೆ, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಕಡೆಗೊಂದು ಭಾನುವಾರ ಅವರೆಲ್ಲ ಆ ಆಳದ ಗವಿಗೆ ಹೊರಟರು.

ಮೃಗಗಳು ಮುಗಿಬಿದ್ದವು. ಒಬ್ಬೊಬ್ಬರೇ ಉರುಳಿದರು. ಅತ್ತಿಗೆ, ಮೊದಲೇ ಗೊತ್ತುಮಾಡಿಕೊಂಡಂತೆ, ಮರೆಯಾಗುವ ಮಂತ್ರ ಹಾಕಿ ಗೋಡೆಗೆ ಅಂಟಿಕೊಂಡಳು. ಈ ಸಲ ದಂಡನಾಯಕ ಓಡಲಿಲ್ಲ. ಅದು ನನಗೆ ಹಿಡಿಸಲಿಲ್ಲ, ಆದರೆ ಕಂಡದ್ದನ್ನು ಹೇಳಬೇಕು. ಎಲ್ಲರಿಗಿಂತ ಒಳಗೆ, ಬಿದ್ದವರ ಮುಂದೆ ಅಡ್ಡ ನಿಂತು ಸತ್ತ. ಈಗ ಕಲಿತಿದ್ದ, ಹಾಳಾದವನು!

ಎಲ್ಲರೂ ಹೊರಗೆ ಪ್ರೇತಗಳಾಗಿ ನಿಂತು ಬೋಳಣ್ಣನಿಗೆ ಅಪ್ಪಣೆ ಕೊಟ್ಟರು. ದಂಡನಾಯಕನೂ ಕೊಟ್ಟ. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಅಷ್ಟರಲ್ಲಿ, ಇಬ್ಬರಿಗಷ್ಟೇ ಕಾಣುವ ಕಿಟಕಿಯಲ್ಲಿ ಅವನ ಮಾತು ಬಂತು.

"ನೀವು ಮುಲಾಮು ಅಲ್ವಾ?"

ಅತ್ತಿಗೆಯ ಕೈ ಮೌಸಿನ ಮೇಲೆ ನಿಂತುಬಿಟ್ಟಿತು.

"ಏಟು ಬೀಳೋಕೆ ಮೊದಲೇ ಮದ್ದು ಹಾಕ್ತೀರಿ. ಈಗ ಯಾರೂ ಹಾಗೆ ಮಾಡಲ್ಲ. ಸೇರಿದ ವಾರವೇ ನನಗೆ ಗೊತ್ತಾಯ್ತು."

ಹೌದು. ಆ ಕಾಲದಲ್ಲಿ ಇಂಟರ್ನೆಟ್ ಟೆಲಿಫೋನ್ ತಂತಿಯಲ್ಲಿ ತೆವಳಿಕೊಂಡು ಬರುತ್ತಿತ್ತು. ಏಟು ಕಣ್ಣಿಗೆ ಕಂಡ ಮೇಲೆ ಮದ್ದು ಕಳಿಸಿದರೆ ಅದು ಹೆಣಕ್ಕೆ ತಲುಪುತ್ತಿತ್ತು. ಹಾಗಾಗಿ ವೈದ್ಯರು ಮೃಗದ ಕೈ ಏಳುವ ಮೊದಲೇ ಊಹಿಸಿ ಹಾಕಬೇಕಿತ್ತು. ಈಗ ತಂತಿ ಮಿಂಚಿನ ಹಾಗಿದೆ, ಆ ಅವಸರ ಬೇಕಿಲ್ಲ. ಅತ್ತಿಗೆ ಹೆಸರು ಬದಲಿಸಿದ್ದಳು, ಗಡ್ಡ ಅಂಟಿಸಿಕೊಂಡಿದ್ದಳು, ಬೆರಳುಗಳ ಅಭ್ಯಾಸ ಬದಲಿಸುವುದು ಅವಳಿಗೆ ಹೊಳೆದಿರಲಿಲ್ಲ.

"ಗೊತ್ತಿದ್ದೂ ಅಪ್ಪಣೆ ಕೊಟ್ರಾ?" ಎಂದು ಟೈಪು ಮಾಡಿದಳು.

"ಗೊತ್ತಿದ್ದೇ ಕೊಟ್ಟೆ. ಬಾಗಿಲಿಗೆ ಎಳೆದು ಹಾಕಿ. ದಂಡನಾಯಕ ಓಡಿಹೋದ ಅಂತ ಎಲ್ಲರಿಗೂ ಹೇಳಿ. ನಾನು ತುಟಿ ಪಿಟಕ್ ಅನ್ನಲ್ಲ. ನನಗೂ ಮನಸ್ಸು ಹಗುರ ಆಗುತ್ತೆ."

"ಎಳಿ! ಅವನೇ ಹೇಳ್ತಿದಾನಲ್ಲ, ಎಳೆದು ಹಾಕು!" ಎಂದು ನಾನು ಕೂಗಿದೆ. ಅಡುಗೆಮನೆಯಿಂದ ಅಣ್ಣ ಸೌಟು ಹಿಡಿದು ಓಡಿಬಂದು, ಏನೂ ಅರ್ಥವಾಗದೆ ವಾಪಸು ಹೋದ.

ಅತ್ತಿಗೆ ಕನ್ನಡಕ ತೆಗೆದಳು. "ಹಗುರ ಆಗುತ್ತಂತೆ" ಅಂದಳು. "ಮಾಡದ ತಪ್ಪಿಗೆ ಬೈಸ್ಕೊಂಡು ಒಳಗೊಳಗೇ ದೊಡ್ಡ ಮನುಷ್ಯ ಆಗ್ತಾನಂತೆ. ಮಾಡಿದ ತಪ್ಪು ಹಂಗೇ ಮುಚ್ಚಿಹೋಗುತ್ತೆ, ನನ್ನ ಹೆಸರು ಹಂಗೇ ಬೈಗುಳವಾಗಿ ಇರುತ್ತೆ. ನಾನ್ಯಾಕೆ ಸುಳ್ಳು ಹೇಳ್ಲಿ? ಸುಳ್ಳು ಹೇಳಿದ್ದು ಅವನು, ಅವನೇ ಬಾಯಿ ಬಿಡ್ಲಿ."

ಒರೆಸಿದ ಕನ್ನಡಕ ಹಾಕಿಕೊಂಡು ಟೈಪು ಮಾಡಿದಳು: "ನಿಮ್ಮ ಹೆಣ ಬಿದ್ದಲ್ಲೇ ಇರುತ್ತೆ. ಅವತ್ತು ನಡೆದಿದ್ದನ್ನ ಎಲ್ಲರ ಕಿಟಕಿಯಲ್ಲಿ ಹೇಳಿ. ಆಮೇಲೆ ನೋಡೋಣ."

"ಅದೊಂದು ಬೇಡ. ನನ್ನ ಕವಚ, ಕತ್ತಿ ಎಲ್ಲ ಇಟ್ಕೊಳ್ಳಿ. ಇವರೆಲ್ಲ ನನ್ನ ಮೇಲೆ ನಂಬಿಕೆ ಇಟ್ಕೊಂಡಿದಾರೆ."

"ನನ್ನ ಮೇಲೂ ಇಟ್ಕೊಂಡಿದ್ರು."

ಅತ್ತಿಗೆ ಉಳಿದವರ ಹೆಣಗಳನ್ನು ಒಂದೊಂದಾಗಿ ಎಳೆಯತೊಡಗಿದಳು. ಒಂದನ್ನು ಹೊರಗೆ ತರುವುದು, ಎಬ್ಬಿಸುವುದು, ಮತ್ತೆ ಒಳಗೆ ಹೋಗುವುದು. ಪ್ರತಿ ಸಲವೂ ದಂಡನಾಯಕನ ಹೆಣವನ್ನು ಸುತ್ತಿಬಳಸಿ ಹೋದಳು. ಎಲ್ಲರೂ ಎದ್ದು ನಿಂತರು, ಅವನೊಬ್ಬನೇ ಪ್ರೇತವಾಗಿ ಉಳಿದ.

"ಬೋಳಣ್ಣ, ನಾಯಕರದ್ದು?" ಎಂದು ತಾತ ಕೇಳಿದ.

"ಅವರೇನೋ ಹೇಳೋದಿದೆಯಂತೆ. ಹೇಳಿದ ಮೇಲೆ ಎಳೀತೀನಿ" ಎಂದು ಬರೆದು ಅತ್ತಿಗೆ ಕೈಕಟ್ಟಿ ಕೂತಳು. ಅವನು ಕಂಪ್ಯೂಟರ್ ಆರಿಸಿ ಎದ್ದುಹೋದರೆ? ಬಿಲದೊಳಗಿನ ಹಾವು ಬಿಲದೊಳಗೇ ಉಳಿದುಬಿಟ್ಟರೆ? ಅದೇ ಭಯ ನಮ್ಮಿಬ್ಬರಿಗೂ.

ಬಹಳ ಹೊತ್ತಾದ ಮೇಲೆ ಎಲ್ಲರ ಕಿಟಕಿಯಲ್ಲಿ ಅಕ್ಷರ ಮೂಡಿತು.

"ಮುಲಾಮು ಓಡಿರಲಿಲ್ಲ."

ಮತ್ತೆ ತಡೆದು, "ಓಡಿದ್ದು ನಾನು. ಆಕೆ ಎಲ್ಲರಿಗಿಂತ ಒಳಗೆ ಸತ್ತಿದ್ರು. ನಾನೇ ಹೆಣ ಬಾಗಿಲಿಗೆ ಎಳೆದು ನಿಮಗೆ ಚಿತ್ರ ಕಳಿಸಿದೆ. ನನ್ನನ್ನ ನಂಬಿ ಅಪ್ಪಣೆ ಕೊಟ್ಟಿದ್ರು. ಈ ಬೋಳಣ್ಣನೇ ಆಕೆ."

ಅತ್ತಿಗೆ ತುಟಿ ಕಚ್ಚಿಕೊಂಡು ಅದನ್ನೇ ಮತ್ತೆ ಮತ್ತೆ ಓದಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ನೀರು ಕಂಡೆ. ಒರೆಸಿಕೊಳ್ಳಲಿಲ್ಲ.

"ಮುಲಾಮು, ತಾಯೀ, ನಾನು ಎಷ್ಟು ಜನಕ್ಕೆ ಆ ಮಾತು ಕಲಿಸ್ಬಿಟ್ಟೆ" ಎಂದು ತಾತ ಶುರುಮಾಡಿದ.

"ನಿಮ್ಮನ್ನ ಆಮೇಲೆ ವಿಚಾರಿಸ್ಕೊಳ್ತೀನಿ" ಎಂದು ಬರೆದು ಅವಳು ಗವಿಯೊಳಗೆ ಹೋದಳು. ಮಾತು ಕೊಟ್ಟಿದ್ದಂತೆ ದಂಡನಾಯಕನ ಹೆಣವನ್ನು ಎಳೆದು ತಂದು, ಎಲ್ಲರ ಕಾಲ ಬಳಿ ಇಟ್ಟು, ಎಬ್ಬಿಸಿದಳು. ಅವನು ಕವಚ, ಕತ್ತಿ ಸಮೇತ ಎದ್ದು ನಿಂತ. ಹತ್ತಿರ ಇದ್ದವರು ದೂರ ಸರಿದರು. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳು ಒಂದರ ಕೆಳಗೊಂದು ಬರತೊಡಗಿದವು: ತಾತ ದಳ ಬಿಟ್ಟ. ಕತ್ತಿಯವನು ದಳ ಬಿಟ್ಟ. ಮಂತ್ರವಾದಿ ದಳ ಬಿಟ್ಟ.

ಖಾಸಗಿ ಕಿಟಕಿಯಲ್ಲಿ ಅವನು ಕೇಳಿದ: "ಈಗ ಸಮಾಧಾನ ಆಯ್ತಾ?"

"ಆಯ್ತು. ತುಂಬಾ ಆಯ್ತು."

"ನಿಜ ಹೇಳಿದೀನಲ್ಲ. ಇನ್ನಾದ್ರೂ ಹೊಟ್ಟೆಗೆ ಹಾಕ್ಕೊಳ್ತೀರಾ?"

"ಇಲ್ಲ" ಎಂದು ಟೈಪು ಮಾಡಿ, ಅತ್ತಿಗೆಯೂ ದಳ ಬಿಟ್ಟಳು.